ಹತ್ತೊಂಬತ್ತರ ಹರೆಯದವರು ನಡೆಸುವ ಊರು

1963ರಲ್ಲಿ ದೂರಿನ ಕಾಗದವೊಂದು ಹಾಡಾಗಿ ಅಮೆರಿಕದ ಮನೆಮನೆಯ ರೇಡಿಯೊದಲ್ಲಿ ಕೇಳಿಬಂತು. ಬೇಸಿಗೆ ಶಿಬಿರಕ್ಕೆ ಹೋದ ಹುಡುಗನೊಬ್ಬ ಅಪ್ಪ ಅಮ್ಮನಿಗೆ ಬರೆದ ಕಾಗದ ಅದು. ಬಿಡದೆ ಸುರಿಯುವ ಮಳೆ, ಮೈಯೆಲ್ಲ ತುರಿಸುವ ಗಿಡ, ಹೊಟ್ಟೆ ಕೆಡಿಸುವ ಊಟ, ಹೀಗೆ ತನ್ನ ಕಷ್ಟಗಳನ್ನೆಲ್ಲ ಹೇಳಿಕೊಂಡು ಮನೆಗೆ ಕರೆಸಿಕೊಳ್ಳಿ ಎಂದು ಅಂಗಲಾಚುತ್ತಾನೆ. ಅಷ್ಟರಲ್ಲಿ ಮಳೆ ನಿಂತು ಉಳಿದ ಹುಡುಗರು ಆಟಕ್ಕೆ ಇಳಿದದ್ದು ಕಣ್ಣಿಗೆ ಬೀಳುತ್ತದೆ. ಬರೆದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಕಾಗದ ಮುಗಿಸುತ್ತಾನೆ. ಇಟಲಿಯ ಸಂಗೀತಕಾರ ಪೊಂಕಿಯೆಲ್ಲಿಯ ನೃತ್ಯಸಂಗೀತದ ಧಾಟಿಗೆ ಈ ಮಾತು ಹೊಸೆದವರು ಯಹೂದಿ ಹಾಸ್ಯಗಾರ ಅಲನ್ ಶರ್ಮನ್. ಶಿಬಿರದಿಂದ ಅವರ ಮಗನೇ ಬರೆದ ದೂರುಗಳು ಇದಕ್ಕೆ ಮೂಲ. ಮರುವರ್ಷ ಹಾಸ್ಯ ವಿಭಾಗದ ಗ್ರ್ಯಾಮಿ ಪ್ರಶಸ್ತಿಯೂ ಬಂತು.

ಆ ಹಾಡು ಕೇಳಿ ನಕ್ಕವರಲ್ಲಿ ಬಹುಮಂದಿ ತಾವೂ ಒಂದು ಕಾಲದಲ್ಲಿ ಅಂಥದೇ ಕಾಗದ ಬರೆದವರು, ಮರುವರ್ಷ ತಾವಾಗಿಯೇ ಪೆಟ್ಟಿಗೆ ಕಟ್ಟಿ ಹೊರಟವರು. ಅರವತ್ತು ದಾಟಿದ ಅಮೆರಿಕದ ಯಹೂದಿಯೊಬ್ಬರನ್ನು ಬಾಲ್ಯದ ಬಗ್ಗೆ ಮಾತಿಗೆಳೆದು ನೋಡಿ. ಶಾಲೆಯ ಸುದ್ದಿ ಬೇಗ ಮುಗಿಯುತ್ತದೆ. ಶಿಬಿರದ ಸುದ್ದಿ ತೆಗೆದರೆ ನೀವು ಕಾಫಿ ಎರಡನೇ ಸಲ ತರಿಸಬೇಕಾಗುತ್ತದೆ. ಸೊಳ್ಳೆ, ಸೋರುವ ಮಾಡು, ತಣ್ಣೀರು ಸ್ನಾನ, ರುಚಿಯಿಲ್ಲದ ಊಟ, ಇಷ್ಟು ಇದ್ದೂ ಆ ಎಂಟು ವಾರಗಳ ಬಗ್ಗೆ ಇಷ್ಟೊಂದು ಪ್ರೀತಿ ಯಾಕೆ? ಒಂದು ಸಣ್ಣ ಸಮುದಾಯ ತನ್ನನ್ನು ತಾನು ಉಳಿಸಿಕೊಳ್ಳಲು ನೂರು ವರ್ಷಗಳಿಂದ ನಡೆಸಿಕೊಂಡು ಬಂದ ಪ್ರಯೋಗದ ಗುಟ್ಟು ಈ ಪ್ರೀತಿಯಲ್ಲಿದೆ. ಆದ್ದರಿಂದ ಇದನ್ನು ಬರೀ ಮುದುಕರ ಹಳಹಳಿಕೆ ಎಂದು ತಳ್ಳಿಹಾಕುವಂತಿಲ್ಲ.

ನಮ್ಮಲ್ಲಿ ಬೇಸಿಗೆ ಶಿಬಿರವೆಂದರೆ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಹೋಗಿ ಮಧ್ಯಾಹ್ನವೋ ಸಂಜೆಯೋ ಮನೆಗೆ ಮರಳುವ ಏರ್ಪಾಟು. ಅಲ್ಲಿಯದು ಹಾಗಲ್ಲ. ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಎರಡು ವಾರ, ನಾಲ್ಕು ವಾರ, ಕೆಲವೊಮ್ಮೆ ಪೂರ್ತಿ ಎಂಟು ವಾರ ಮಕ್ಕಳು ಮನೆಯಿಂದ ದೂರ, ಕಾಡಿನ ನಡುವೆ, ಸರೋವರದ ದಡದಲ್ಲಿ ಉಳಿಯುತ್ತಾರೆ. ಎಂಟೊಂಬತ್ತು ವರ್ಷದ ಮಗುವೂ ಇರುತ್ತದೆ, ಹದಿನಾರರ ಹುಡುಗಿಯೂ ಇರುತ್ತಾಳೆ. ಮರದ ಹಲಗೆಯ ಕೊಠಡಿ, ಅದರಲ್ಲಿ ಒಂದರ ಮೇಲೊಂದು ಮಂಚ. ಅದಕ್ಕೆ ಬಂಕ್ ಎನ್ನುತ್ತಾರೆ. ಬಂಕಿಗೆ ಹತ್ತು ಹನ್ನೆರಡು ಮಕ್ಕಳು, ಅವರ ಜೊತೆ ಅಲ್ಲೇ ಮಲಗುವ ಇಬ್ಬರು ಮೂವರು ಕೌನ್ಸೆಲರ್‌ಗಳು. ಕೌನ್ಸೆಲರ್ ಎಂದ ಕೂಡಲೇ ಮನಸ್ಸಿನ ತೊಂದರೆ ಕೇಳುವ ತಜ್ಞರನ್ನು ನೆನೆಯಬೇಡಿ. ಇವರು ಕಾಲೇಜು ಮೆಟ್ಟಿಲು ಹತ್ತಿದ ಹದಿನೆಂಟು, ಹತ್ತೊಂಬತ್ತು, ಇಪ್ಪತ್ತರ ಹರೆಯದವರು. ಆ ಬಂಕಿನ ಮಕ್ಕಳ ಮಟ್ಟಿಗೆ ಅಣ್ಣ, ಅಕ್ಕ, ಮೇಷ್ಟ್ರು, ದಾದಿ, ವಿದೂಷಕ ಎಲ್ಲವೂ ಅವರೇ. ಮೊಬೈಲಿಗೆ ಹೆಚ್ಚಿನ ಶಿಬಿರಗಳಲ್ಲಿ ಇಂದಿಗೂ ಪ್ರವೇಶವಿಲ್ಲ. ಮನೆಗೆ ಸುದ್ದಿ ಮುಟ್ಟಿಸಲು ಊಟದ ನಂತರದ ವಿಶ್ರಾಂತಿಯ ಹೊತ್ತಿನಲ್ಲಿ ಕಾಗದವನ್ನೇ ಬರೆಯಬೇಕು.

ಶಿಬಿರದ ಪದ್ಧತಿ ಯಹೂದಿಯರು ಕಂಡುಹಿಡಿದದ್ದೇನಲ್ಲ. 1861ರಲ್ಲಿ ಕನೆಕ್ಟಿಕಟ್‌ನ ಫ್ರೆಡರಿಕ್ ಗನ್ ಎಂಬ ಶಾಲಾ ಮಾಸ್ತರರು ತಮ್ಮ ಹುಡುಗರನ್ನು ನಡೆಸಿಕೊಂಡು ಹೋಗಿ ನೀರಿನ ದಡದಲ್ಲಿ ಬಿಡಾರ ಹೂಡಿಸಿದ್ದನ್ನು ಅಮೆರಿಕದ ಮೊದಲ ಶಿಬಿರವೆಂದು ಎಣಿಸುತ್ತಾರೆ. ಯಹೂದಿಯರು ಅದನ್ನು ಕೈಗೆತ್ತಿಕೊಂಡ ಕಾರಣ ಬೇರೆ. 1881ರಿಂದ 1924ರವರೆಗೆ ಪೂರ್ವ ಯುರೋಪಿನಿಂದ ಸುಮಾರು 20 ಲಕ್ಷ ಯಹೂದಿಯರು ಅಮೆರಿಕಕ್ಕೆ ಬಂದಿಳಿದರು. ಅವರಲ್ಲಿ ಲಕ್ಷಾಂತರ ಮಂದಿ ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್ ಎಂಬ ಒಂದೇ ಬಡಾವಣೆಯ ಗಾಳಿ ಬೆಳಕಿಲ್ಲದ ಕೋಣೆಗಳಲ್ಲಿ ತುಂಬಿಕೊಂಡರು. ಒಂದೆಡೆ ಕ್ಷಯ, ಇನ್ನೊಂದೆಡೆ ಪೋಲಿಯೊ. ಬೇಸಿಗೆ ಬಂದರೆ ತಾಯಂದಿರಿಗೆ ಜೀವ ಕೈಯಲ್ಲಿ ಹಿಡಿದಂತೆ. ಮೊದಲೇ ಬಂದು ನೆಲೆಯೂರಿದ್ದ ಸಿರಿವಂತ ಯಹೂದಿಯರು ಈ ಮಕ್ಕಳಿಗಾಗಿ ದಾನದ ಹಣದಲ್ಲಿ ಶಿಬಿರ ತೆರೆದರು. ಹಡ್ಸನ್ ನದಿಯ ಕಡೆ ಕೋಲ್ಡ್ ಸ್ಪ್ರಿಂಗ್‌ನಲ್ಲಿ 1902ರಲ್ಲಿ ಶುರುವಾದ ಸರ್ಪ್ರೈಸ್ ಲೇಕ್ ಕ್ಯಾಂಪ್ ಇಂದಿಗೂ ನಡೆಯುತ್ತಿದೆ. ಅಜ್ಜಿಯ ಆಸರೆಯಲ್ಲಿ ಬೆಳೆದ ಅನಾಥ ಹುಡುಗ ಎಡ್ಡಿ ಕ್ಯಾಂಟರ್ ಅಲ್ಲಿಗೆ ಹೋಗಿ ಬಂದವರು. ಮುಂದೆ ದೊಡ್ಡ ಹಾಸ್ಯನಟರಾದ ಮೇಲೆ ಅದೇ ಶಿಬಿರಕ್ಕೆ ಹಣ ಎತ್ತಿಕೊಟ್ಟರು. ಐವತ್ತರ ದಶಕದಲ್ಲಿ ಅದೇ ಶಿಬಿರದಲ್ಲಿ ಜನಪದ ಗಾಯಕ ಪೀಟ್ ಸೀಗರ್ ಹಾಡಿದ್ದನ್ನು ಕೇಳಿ ಹಾಡು ಕಟ್ಟುವ ಹುಚ್ಚು ಹತ್ತಿಸಿಕೊಂಡವರು ಗಾಯಕ ನೀಲ್ ಡೈಮಂಡ್.

ಹಣವಿದ್ದ ಯಹೂದಿಯರಿಗೂ ಇನ್ನೊಂದು ಕಾಟವಿತ್ತು. ಆ ಕಾಲದ ಎಷ್ಟೋ ಹೋಟೆಲು, ಕ್ಲಬ್ಬು, ಖಾಸಗಿ ಶಿಬಿರಗಳು ಯಹೂದಿಯರನ್ನು ಒಳಗೆ ಬಿಡುತ್ತಿರಲಿಲ್ಲ. ಬಾಗಿಲು ತೆರೆಯದಿದ್ದರೆ ನಮ್ಮದೇ ಮನೆ ಕಟ್ಟೋಣ ಎಂದು ಅವರು ಹೊರಟರು.

ಮೊದಮೊದಲ ಶಿಬಿರಗಳ ಗುರಿ ಮಕ್ಕಳನ್ನು ಯಹೂದಿಯರಾಗಿಸುವುದು ಆಗಿರಲಿಲ್ಲ, ಅಮೆರಿಕದವರಾಗಿಸುವುದಾಗಿತ್ತು. ಹಾಲು ಕುಡಿಸು, ಬೇಸ್‌ಬಾಲ್ ಆಡಿಸು, ಮೈ ತುಂಬಿಸಿ ಕಳಿಸು. ಈ ಲೆಕ್ಕವನ್ನು ತಿರುಗಿಸಿದವರಲ್ಲಿ ಮುಖ್ಯರು ಆಲ್ಬರ್ಟ್ ಶೂಲ್‌ಮನ್. 1919ರಲ್ಲಿ ಅವರು ಆರಂಭಿಸಿದ ಸೆಜ್ವಿನ್ ಶಿಬಿರದಲ್ಲಿ ಧರ್ಮ, ಹಬ್ಬ, ಹಾಡು, ಕಥೆಗಳು ಪಾಠದ ಗಂಟೆಯಿಂದ ಎದ್ದು ದಿನಚರಿಯೊಳಗೆ ಬಂದು ಕುಳಿತವು. ಆಮೇಲೆ ಒಂದೊಂದು ಬಣಕ್ಕೂ ಒಂದೊಂದು ಶಿಬಿರ. ಪೂರ್ವ ಯುರೋಪಿನ ಯಹೂದಿಯರ ಯಿಡ್ಡಿಷ್ ನುಡಿಯನ್ನು ಉಳಿಸಬೇಕೆನ್ನುವವರ ಬೊಯ್ಬೆರಿಕ್, 1923ರಲ್ಲಿ ಎಡಪಂಥೀಯರ ಕಿಂಡರ್‌ಲ್ಯಾಂಡ್ ಹುಟ್ಟಿದವು. ಸಮಾಜವಾದಿಗಳಿಗೆ ಬೇರೆ, ಯಹೂದಿಯರಿಗೊಂದು ನಾಡು ಬೇಕೆನ್ನುವ ಜಿಯೋನಿಸ್ಟರಿಗೆ ಬೇರೆ, ಸಂಪ್ರದಾಯಸ್ಥರಿಗೆ ಬೇರೆ. ಇವರಿಗೆ ಪರಸ್ಪರ ಸರಿಹೋಗದ ವಿಚಾರಗಳು ನೂರಿದ್ದವು, ಆದರೆ ಎಲ್ಲರ ಶಿಬಿರದ ನಕ್ಷೆಯೂ ಒಂದೇ ಬಗೆಯದು. ಅದೇ ಸರೋವರ, ಅದೇ ಊಟದ ಮನೆ, ಅದೇ ಬೆಂಕಿಯ ಸುತ್ತಲಿನ ಹಾಡು.

ನಿಜವಾದ ಏರಿಕೆ ಬಂದದ್ದು ಎರಡನೇ ಮಹಾಯುದ್ಧದ ನಂತರ. ಯುರೋಪಿನಲ್ಲಿ 60 ಲಕ್ಷ ಯಹೂದಿಯರ ಹತ್ಯೆಯಾಗಿತ್ತು. ಪಂಡಿತರನ್ನೂ ಪಾಠಶಾಲೆಗಳನ್ನೂ ಕೊಡುತ್ತಿದ್ದ ತವರೇ ಇಲ್ಲವಾಗಿತ್ತು. ಇತ್ತ ಅಮೆರಿಕದ ಯಹೂದಿಯರು ಹೊರವಲಯದ ಬಡಾವಣೆಗಳಿಗೆ ಹೋಗಿ ಹುಲ್ಲುಹಾಸು, ಕಾರು, ಟೀವಿಗಳ ನಡುವೆ ನೆಲೆಸಿದ್ದರು. ಶಾಲೆ ಬಿಟ್ಟ ಮೇಲೆ ವಾರಕ್ಕೆ ಎರಡು ಮೂರು ಮಧ್ಯಾಹ್ನ ಹೀಬ್ರೂ ಪಾಠಕ್ಕೆ ಮಕ್ಕಳನ್ನು ದೂಡುತ್ತಿದ್ದರು. ಆ ಪಾಠವನ್ನು ಮಕ್ಕಳು ಬೈದುಕೊಂಡೇ ಕಲಿತು, ಹದಿಮೂರಕ್ಕೆ ಬಾರ್ ಮಿಟ್ಸ್ವಾ ಎಂಬ ದೀಕ್ಷೆಯ ವಿಧಿ ಮುಗಿದೊಡನೆ ಕೈಬಿಡುತ್ತಿದ್ದರು. ಇದಕ್ಕೊಂದು ಮದ್ದು ಬೇಕಿತ್ತು. 1947ರಲ್ಲಿ ಯಹೂದಿ ಧರ್ಮದ ನಡುಹಾದಿಯ ಕನ್ಸರ್ವೇಟಿವ್ ಪಂಥದವರು ವಿಸ್ಕಾನ್ಸಿನ್ ರಾಜ್ಯದ ಕಾನೋವರ್‌ನಲ್ಲಿ ಮೊದಲ ರಾಮಾ ಶಿಬಿರ ತೆರೆದರು. 1952ರಲ್ಲಿ ಸುಧಾರಣಾವಾದಿ ರಿಫಾರ್ಮ್ ಪಂಥದವರು ಅದೇ ರಾಜ್ಯದ ಒಕೊನೊಮೊವಾಕ್‌ನಲ್ಲಿ ತಮ್ಮದನ್ನು ಕಟ್ಟಿದರು. ಎರಡೂ ಬೆಳೆದು ದೇಶದ ಉದ್ದಗಲಕ್ಕೆ ಹರಡಿದವು. ಕೋವಿಡ್ ಬರುವ ಮುಂಚೆ ಉತ್ತರ ಅಮೆರಿಕದಲ್ಲಿ ಲಾಭದ ಉದ್ದೇಶವಿಲ್ಲದ ಇಂಥ ವಸತಿ ಶಿಬಿರಗಳು 150ಕ್ಕೂ ಹೆಚ್ಚಿದ್ದವು, ವರ್ಷಕ್ಕೆ ಸುಮಾರು 80,000 ಮಕ್ಕಳು ಹೋಗುತ್ತಿದ್ದರು.

ಶಿಬಿರದ ಸವಿ ತಾನಾಗಿ ಹುಟ್ಟುವುದಿಲ್ಲ. ಅದನ್ನು ಹುಟ್ಟಿಸುವ ಉಪಾಯಗಳಿವೆ. ದೊಡ್ಡ ಉಪಾಯ ಕಾಲದ್ದು. ಪೇಟೆಯಲ್ಲಿ ಯಹೂದಿ ಮಗುವಿಗೆ ಶನಿವಾರವೆಂದರೆ ಗೆಳೆಯರೆಲ್ಲ ಪಂದ್ಯ ಆಡುವ ದಿನ. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ವಿಶ್ರಾಂತಿಯ ದಿನವಾದ ಶಬ್ಬಾತ್ ಆಚರಿಸಬೇಕಾದರೆ ಅದನ್ನು ಬಿಟ್ಟು ಮನೆಯಲ್ಲಿ ಕೂರಬೇಕು. ಧರ್ಮವೆಂದರೆ ಏನೋ ಕಳೆದುಕೊಳ್ಳುವುದು ಎಂಬ ಭಾವ ಅಲ್ಲಿಂದ ಬರುತ್ತದೆ. ಶಿಬಿರದಲ್ಲಿ ಎಲ್ಲರಿಗೂ ಅದೇ ಶುಕ್ರವಾರ ಸಂಜೆ. ವಾರವಿಡೀ ಕೆಸರಲ್ಲಿ ಹೊರಳಿದವರು ಮೈ ತೊಳೆದು, ಬಿಳಿ ಬಟ್ಟೆ ತೊಟ್ಟು, ಸರೋವರದ ಕಡೆ ಮುಖ ಮಾಡಿ ಕೂತು ಹಾಡುತ್ತಾರೆ. ಆ ರಾತ್ರಿ ಊಟಕ್ಕೆ ಕೋಳಿ, ಜಡೆ ಹೆಣೆದ ಹಲ್ಲಾ ಬ್ರೆಡ್. ಊಟವಾದ ಮೇಲೆ ಮೇಜು ಗುದ್ದುತ್ತ ಹಾಡುವುದು ಗಂಟೆಗಟ್ಟಲೆ ನಡೆಯುತ್ತದೆ. ಹೊರಗಿನವರು ನೋಡಿದರೆ ಜಗಳವೆಂದೇ ತಿಳಿದಾರು! ಶನಿವಾರ ನಕ್ಷತ್ರ ಮೂಡಿದ ಮೇಲೆ ಕತ್ತಲಲ್ಲಿ ಒಬ್ಬರ ಹೆಗಲಿಗೆ ಒಬ್ಬರು ಕೈ ಹಾಕಿ ವೃತ್ತ ಕಟ್ಟಿ, ಹಲವು ಬತ್ತಿಗಳ ಹೆಣೆದ ಮೇಣದಬತ್ತಿ ಹಚ್ಚಿ, ಲವಂಗ ದಾಲ್ಚಿನ್ನಿಯ ಪರಿಮಳ ಮೂಸಿ, ಹವ್ದಾಲಾ ಎಂಬ ವಿಧಿಯಿಂದ ಶಬ್ಬಾತನ್ನು ಬೀಳ್ಕೊಡುತ್ತಾರೆ. ಎಂಟು ವಾರ ಇದ್ದ ಮಗುವಿನ ಪಾಲಿಗೆ ಎಂಟು ಸಲ. ಹತ್ತು ಬೇಸಿಗೆ ಹೋದವರಿಗೆ ಆ ಪರಿಮಳ ಬಂದರೆ ಸಾಕು, ಮಿಕ್ಕದ್ದೆಲ್ಲ ತಾನಾಗಿ ನೆನಪಾಗುತ್ತದೆ.

ಹಾಡಿನದು ಪ್ರತ್ಯೇಕವಾಗಿ ಹೇಳಬೇಕಾದ ಸಂಗತಿ. ಅರವತ್ತರ ದಶಕದ ಜನಪದ ಗೀತೆಗಳ ಅಲೆಯಲ್ಲಿ ಗಿಟಾರ್ ಶಿಬಿರಕ್ಕೂ ಬಂತು. ಮಿನೆಸೋಟದಲ್ಲಿ ಬೆಳೆದ ಡೆಬ್ಬಿ ಫ್ರೀಡ್‌ಮನ್ ಎಂಬ ಹುಡುಗಿ ಒಕೊನೊಮೊವಾಕ್ ಶಿಬಿರದಲ್ಲಿ ಹಾಡು ಹೇಳಿಕೊಡುತ್ತಿದ್ದವರು. ಹಳೆಯ ಪ್ರಾರ್ಥನೆಗಳಿಗೆ ಎಲ್ಲರೂ ಒಟ್ಟಿಗೆ ಹಾಡಬಹುದಾದ ಸರಳ ಧಾಟಿ ಕಟ್ಟಿದರು. ಶಿಬಿರದಿಂದ ಮರಳಿದ ಮಕ್ಕಳು ಊರಿನ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳಲ್ಲಿ ಆ ಧಾಟಿಯನ್ನೇ ಕೇಳತೊಡಗಿದರು. ಆರ್ಗನ್ ಮೊಳಗುವ ಗಂಭೀರ ಸಂಗೀತಕ್ಕೆ ಒಗ್ಗಿದ್ದ ಹಿರಿಯರು ಮೂಗು ಮುರಿದರು. ಕೊನೆಗೆ ಗೆದ್ದದ್ದು ಗಿಟಾರ್. ಫ್ರೀಡ್‌ಮನ್ 2011ರಲ್ಲಿ ತೀರಿಕೊಂಡ ಮೇಲೆ ರಿಫಾರ್ಮ್ ಪಂಥದ ಹೀಬ್ರೂ ಯೂನಿಯನ್ ಕಾಲೇಜು ತನ್ನ ಧಾರ್ಮಿಕ ಸಂಗೀತ ಶಾಲೆಗೆ ಅವರ ಹೆಸರನ್ನೇ ಇಟ್ಟಿತು. ಮಕ್ಕಳ ಶಿಬಿರದ ಹಾಡು ಹೀಗೆ ಒಂದು ಪಂಥದ ಪೂಜಾ ಸಂಗೀತವನ್ನೇ ಬದಲಿಸಿತು.

ಯಹೂದಿ ಪಂಚಾಂಗದ ದೊಡ್ಡ ಹಬ್ಬಗಳು ಯಾವುವೂ ಜುಲೈ, ಆಗಸ್ಟಿನಲ್ಲಿ ಬರುವುದಿಲ್ಲ. ಬರುವುದರಲ್ಲಿ ಮುಖ್ಯವಾದದ್ದು ಒಂದು ಶೋಕದ ದಿನ. ಜೆರುಸಲೇಮಿನ ದೇಗುಲ ಎರಡು ಸಲ ನಾಶವಾದದ್ದನ್ನು ನೆನೆದು ಉಪವಾಸವಿರುವ ತಿಶಾ ಬಾವ್. ಊರಿನಲ್ಲಿ ಆ ದಿನವನ್ನು ನೆನೆಯುವವರು ಕಡಿಮೆ. ಶಿಬಿರದ ಮಕ್ಕಳಿಗೆ ಮಾತ್ರ ಅದು ಮರೆಯದ ದಿನ. ರಾತ್ರಿ ದೀಪ ಆರಿಸಿ, ನೆಲದ ಮೇಲೆ ಕೂತು, ಮೇಣದಬತ್ತಿಯ ಬೆಳಕಿನಲ್ಲಿ ಪ್ರಲಾಪ ಗ್ರಂಥ ಓದುತ್ತಾರೆ. ಬೇಸಿಗೆಯ ರಜೆಯಲ್ಲೇ ಇಂಥದೊಂದು ದಿನ ಬರಬೇಕಾಗಿತ್ತೇ ಎಂದು ತಾಯಂದಿರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಮಕ್ಕಳಿಗೋ, ತಮ್ಮನ್ನು ದೊಡ್ಡವರೆಂದು ತಿಳಿದು ದುಃಖದಲ್ಲಿ ಪಾಲು ಕೊಟ್ಟ ಮೊದಲ ರಾತ್ರಿ ಅದು.

ಇಲ್ಲಿಯವರೆಗೆ ಹೇಳಿದ್ದು ಮಗುವಿನ ನೆನಪು. ಶಿಬಿರದ ನೆನಪಿಗೆ ಇನ್ನೊಂದು ಪದರವಿದೆ, ಅದು ಕೌನ್ಸೆಲರ್‌ನದು. ಹದಿನಾರರವರೆಗೆ ಶಿಬಿರಕ್ಕೆ ಬಂದ ಮಗು ಒಂದು ಬೇಸಿಗೆ ತರಬೇತಿ ಪಡೆದು ಮತ್ತೆ ಅದೇ ಬಂಕಿಗೆ ಕೌನ್ಸೆಲರ್ ಆಗಿ ಬರುತ್ತದೆ. ಸಂಬಳ ತೀರ ಕಡಿಮೆ. ಅದೇ ರಜೆಯಲ್ಲಿ ಪೇಟೆಯ ಅಂಗಡಿಯಲ್ಲಿ ನಿಂತರೂ ಹೆಚ್ಚು ಗಳಿಸಬಹುದು. ಆದರೂ ಬರುತ್ತಾರೆ, ಯಾಕೆಂದರೆ ತಮಗೆ ಸಿಕ್ಕಿದ್ದ ಅಣ್ಣನೋ ಅಕ್ಕನೋ ಆಗುವ ಆಸೆ. ಕಳೆದ ವರ್ಷದ ಮೊಸರೇ ಈ ವರ್ಷದ ಹಾಲಿಗೆ ಹೆಪ್ಪು. ಹೊಸಬರನ್ನೇ ತುಂಬಿ ಶಿಬಿರ ನಡೆಸಲು ಹೊರಟವರಿಗೆ ಈ ಹೆಪ್ಪು ಎಲ್ಲಿಂದ ತರುವುದೆಂಬುದೇ ತಲೆನೋವು.

ಒಂದೇ ಘಟನೆ ಎರಡು ವಯಸ್ಸಿನಲ್ಲಿ ಹೇಗೆ ಬೇರೆಯಾಗುತ್ತದೆ ನೋಡಿ. ಸರೋವರದಲ್ಲಿ ಈಜುವಾಗ ಆಗಾಗ ಸೀಟಿ ಊದುತ್ತಾರೆ. ಊದಿದ ಕೂಡಲೇ ಪ್ರತಿ ಮಗುವೂ ತನ್ನ ಜೋಡಿಯ ಕೈ ಹಿಡಿದು ಮೇಲೆತ್ತಿ ನಿಲ್ಲಬೇಕು, ದಡದಲ್ಲಿರುವವರು ಎಣಿಸುತ್ತಾರೆ. ಮಗುವಿಗೆ ನೆನಪಿರುವುದು ತಣ್ಣಗಿನ ಕೈ, ನಗು, ಆಟ ನಿಂತುಹೋದ ಬೇಸರ. ಕೌನ್ಸೆಲರ್‌ಗೆ ನೆನಪಿರುವುದು ಎಣಿಕೆ. ಒಂದು ತಲೆ ಕಡಿಮೆ ಬಂದರೆ ಎದೆ ಧಸಕ್ಕೆನ್ನುತ್ತದೆ. ಮತ್ತೆ ಎಣಿಸಿದಾಗ ಸರಿಹೋದರೂ ಕೈ ನಡುಕ ನಿಲ್ಲಲು ಹೊತ್ತು ಹಿಡಿಯುತ್ತದೆ. ಹತ್ತೊಂಬತ್ತು ವರ್ಷದವರಿಗೆ ಇದಕ್ಕಿಂತ ದೊಡ್ಡ ಪಾಠ ಯಾವ ಕಾಲೇಜಿನಲ್ಲಿ ಸಿಗುತ್ತದೆ?

ಕಲರ್ ವಾರ್ ಎಂಬ ಆಟದ ಹಬ್ಬವೂ ಹಾಗೆಯೇ. ಯಹೂದಿ ಶಿಬಿರಗಳು ಇದನ್ನು ಮಕ್ಕಬಿಯಾ ಎಂದೂ ಕರೆಯುತ್ತವೆ. ಇಡೀ ಶಿಬಿರ ಬಣ್ಣಗಳ ಪ್ರಕಾರ ತಂಡವಾಗಿ ಕೆಲವು ದಿನ ಓಟ, ಈಜು, ಹಾಡು, ನಾಟಕಗಳಲ್ಲಿ ಸೆಣಸುತ್ತದೆ. ಅದು ಯಾವ ಗಳಿಗೆಯಲ್ಲಿ ಶುರುವಾಗುತ್ತದೆ ಎಂಬುದು ಗುಟ್ಟು. ನಡುರಾತ್ರಿ ಸೈರನ್ ಕೂಗಬಹುದು, ಊಟದ ನಡುವೆ ಯಾರೋ ವೇಷ ಹಾಕಿ ನುಗ್ಗಬಹುದು. ಮಗುವಿಗೆ ಅದು ಆಕಾಶದಿಂದ ಇಳಿದ ಅದ್ಭುತ. ಕೌನ್ಸೆಲರ್ ಆದ ಮೇಲೆ ತಿಳಿಯುತ್ತದೆ, ಆ ಅದ್ಭುತವನ್ನು ನಾಲ್ಕು ಜನ ರಾತ್ರಿ ಎರಡು ಗಂಟೆಯವರೆಗೆ ಕೂತು, ಹಳೆಯ ಬೆಡ್‌ಶೀಟಿಗೆ ಬಣ್ಣ ಬಳಿದು, ಯಾರು ಏನು ಮಾಡಬೇಕೆಂದು ಜಗಳವಾಡಿ ತಯಾರಿಸಿದ್ದು ಎಂದು.

ಶಿಬಿರದ ಬಗ್ಗೆ ಬರೆಯುವವರು ಹೆಚ್ಚಾಗಿ ಮಕ್ಕಳ ಮೇಲಾಗುವ ಪರಿಣಾಮವನ್ನೇ ಅಳೆಯುತ್ತಾರೆ. ನನಗೆ ಕಾಣುವಂತೆ ಶಿಬಿರದ ಮುಖ್ಯ ವಿದ್ಯಾರ್ಥಿ ಮಗುವಲ್ಲ, ಕೌನ್ಸೆಲರ್. ಪರಂಪರೆ ಮೇಲಿನಿಂದ ಬೀಳುವುದಲ್ಲ, ಯಾರೋ ನಿದ್ದೆಗೆಟ್ಟು ಮಾಡುವುದು ಎಂದು ಅವರಿಗೆ ಆ ವಯಸ್ಸಿನಲ್ಲಿ ತಿಳಿದುಬಿಡುತ್ತದೆ. ಶಬ್ಬಾತಿಗೆ ಬ್ರೆಡ್ ಸಾಲದಾದರೆ ಅಡುಗೆಮನೆಗೆ ಓಡಬೇಕಾದವರು ತಾವು. ಹಾಡಿನ ಎರಡನೇ ನುಡಿ ಮರೆತರೆ ಎತ್ತಿಕೊಡಬೇಕಾದವರು ತಾವು. ರಾತ್ರಿ ಅಮ್ಮನ ನೆನಪಾಗಿ ಅಳುವ ಒಂಬತ್ತು ವರ್ಷದವನ ಮಂಚದ ಬಳಿ ಕೂರಬೇಕಾದವರೂ ತಾವೇ. ಹೀಗೆ ಮಾಡಿ ಕಲಿತವರು ಮುಂದೆ ಮನೆ ಹೂಡಿದಾಗ, ಊರಿನ ಸಂಘ ನಡೆಸುವಾಗ, ಯಾರಾದರೂ ಬಂದು ಮಾಡಿಕೊಡಲಿ ಎಂದು ಕಾಯುವುದಿಲ್ಲ. ಅಮೆರಿಕದ ಯಹೂದಿ ಸಂಸ್ಥೆಗಳಲ್ಲಿ ಧರ್ಮಗುರುಗಳಾದ ರಬ್ಬಿಗಳಿಂದ ಹಿಡಿದು ಶಾಲಾ ಶಿಕ್ಷಕರವರೆಗೆ ಶಿಬಿರದಲ್ಲಿ ಪಳಗಿದ ಕೈಗಳು ಬಹಳ ಇರುವುದಕ್ಕೆ ಇದೇ ಕಾರಣ.

ಹಾಗಾದರೆ ಶಿಬಿರ ಒಂದೇ ಅಚ್ಚಿನ ಜನರನ್ನು ಹೊರಹಾಕುತ್ತದೆಯೇ? ಮಸ್ಸಾದ್ ಶಿಬಿರದ ಕಥೆ ಕೇಳಬೇಕು. 1941ರಲ್ಲಿ ಶ್ಲೋಮೋ ಶುಲ್ಸಿಂಗರ್ ಮತ್ತು ಅವರ ಪತ್ನಿ ರಿವ್ಕಾ ಆರಂಭಿಸಿದ ಇದು ಮುಂದೆ ಪೆನ್ಸಿಲ್ವೇನಿಯದ ಪೊಕೊನೊ ಬೆಟ್ಟಗಳಲ್ಲಿ ನೆಲೆಯೂರಿತು. ಇಲ್ಲಿನ ನಿಯಮ ಒಂದೇ: ಎದ್ದರೆ ಹೀಬ್ರೂ, ಕೂತರೆ ಹೀಬ್ರೂ. ಬೇಸ್‌ಬಾಲ್ ಆಟಕ್ಕೂ ಹೀಬ್ರೂವಿನಲ್ಲೇ ಕೂಗಬೇಕು. ಅದಕ್ಕೆ ಬೇಕಾದ ಪದಗಳು ಆ ಭಾಷೆಯಲ್ಲಿ ಇರಲಿಲ್ಲವಾಗಿ ಶಿಬಿರದವರೇ ಟಂಕಿಸಿ ನಿಘಂಟು ಅಚ್ಚು ಹಾಕಿಸಿದರು. 1940ರ ದಶಕದಲ್ಲಿ ಇಲ್ಲಿ ಕೌನ್ಸೆಲರ್ ಆಗಿದ್ದ ಒಬ್ಬ ತರುಣನ ಹೆಸರು ನೋಮ್ ಚಾಮ್‌ಸ್ಕಿ. ಅದೇ ಶಿಬಿರಕ್ಕೆ ಬಾಲಕನಾಗಿ ಬಂದಿದ್ದವರು ಮುಂದೆ ಹೆಸರಾಂತ ವಕೀಲರಾದ ಅಲನ್ ಡರ್ಶೊವಿಟ್ಜ್. ಆಧುನಿಕ ಹೀಬ್ರೂವಿನ ಮೇಲೆ ಪ್ರಬಂಧ ಬರೆದು ಭಾಷಾವಿಜ್ಞಾನಕ್ಕೆ ಕಾಲಿಟ್ಟ ಚಾಮ್‌ಸ್ಕಿ ಇಸ್ರೇಲಿನ ನೀತಿಗಳ ಅತಿ ಕಟು ಟೀಕಾಕಾರರಾದರು, ಡರ್ಶೊವಿಟ್ಜ್ ಅದರ ಅತಿ ಕಟ್ಟಾ ವಕೀಲರಾದರು. 2005ರಲ್ಲಿ ಹಾರ್ವರ್ಡ್‌ನಲ್ಲಿ ಇಬ್ಬರೂ ಒಂದೇ ವೇದಿಕೆಯಲ್ಲಿ ವಾದಕ್ಕೆ ಕೂತಾಗ ಆ ಬೇಸಿಗೆಯನ್ನು ಡರ್ಶೊವಿಟ್ಜ್ ನೆನೆದರು. ಮಸ್ಸಾದ್ ಮಾತ್ರ 1981ರಲ್ಲೇ ಮುಚ್ಚಿಹೋಗಿತ್ತು. ಪೂರ್ತಿ ಹೀಬ್ರೂ ಎಂಬ ಪಣ ಹಿಡಿದವರು ಸೋತು, ಇಂಗ್ಲಿಷಿನ ನಡುನಡುವೆ ಹೀಬ್ರೂ ಪದ ಬೆರೆಸಿ ಮಾತಾಡಿದರೆ ಸಾಕೆಂದ ಶಿಬಿರಗಳು ಉಳಿದವು.

ಇಸ್ರೇಲಿನ ವಿಷಯದಲ್ಲಿ ಶಿಬಿರಗಳು ಎಷ್ಟು ಹೇಳಿದವು, ಏನನ್ನು ಬಚ್ಚಿಟ್ಟವು ಎಂಬ ಜಗಳ ಇಂದಿಗೂ ಮುಗಿದಿಲ್ಲ. ಯುದ್ಧಾನಂತರದ ಶಿಬಿರಗಳಲ್ಲಿ ಮಕ್ಕಳನ್ನು ರಾತ್ರಿ ಎಬ್ಬಿಸಿ ದೋಣಿಯಲ್ಲಿ ಕೂರಿಸಿ, ಬ್ರಿಟಿಷರ ಕಣ್ಣು ತಪ್ಪಿಸಿ ಪ್ಯಾಲೆಸ್ಟೀನ್ ದಡ ಸೇರುವ ನಿರಾಶ್ರಿತರ ಪಾತ್ರ ಆಡಿಸುತ್ತಿದ್ದರು. ಬ್ರಿಟಿಷ್ ಸೈನಿಕರ ವೇಷ ಕೌನ್ಸೆಲರ್‌ಗಳದು. ಕೆಲವೆಡೆ ನಾಜಿ ಕಾಲದ ಭಯವನ್ನೂ ಆಟವಾಗಿಸಿದ್ದುಂಟು. ಇಂದು ಓದಿದರೆ ಮೈ ಜುಮ್ಮೆನ್ನುತ್ತದೆ. ಸ್ಯಾಂಡ್ರಾ ಫಾಕ್ಸ್ ಅವರು 2023ರಲ್ಲಿ ಪ್ರಕಟಿಸಿದ ‘ದ ಜ್ಯೂಸ್ ಆಫ್ ಸಮ್ಮರ್’ ಎಂಬ ಇತಿಹಾಸದಲ್ಲಿ ಇಂಥವುಗಳ ವಿವರವಿದೆ. ಆ ದೋಣಿಯಲ್ಲಿ ಪ್ಯಾಲೆಸ್ಟೀನಿನ ಅರಬರ ಪಾತ್ರ ಯಾಕಿರಲಿಲ್ಲ ಎಂದು ಇತ್ತೀಚಿನ ವರ್ಷಗಳಲ್ಲಿ ಕೇಳಿದವರು ಹೊರಗಿನವರಲ್ಲ, ಅವೇ ಶಿಬಿರಗಳ ಕೌನ್ಸೆಲರ್‌ಗಳು. ಪರಂಪರೆಯನ್ನು ಮಾಡಲು ಕಲಿಸಿದ ಮೇಲೆ ತಿದ್ದಲು ಹೊರಟರೆಂದು ದೂರುವಂತಿಲ್ಲ.

ಸವಿನೆನಪಿನ ಮಾತು ಕೇಳುವಾಗ ಒಂದು ಎಚ್ಚರ ಬೇಕು. ಹೇಳುವವರು ಮತ್ತೆ ಮತ್ತೆ ಹೋದವರು, ಒಂದೇ ಬೇಸಿಗೆಗೆ ಸಾಕಾಗಿ ಬಿಟ್ಟವರು ಮಾತಾಡುವುದಿಲ್ಲ. ಆಟದಲ್ಲಿ ಹಿಂದುಳಿದ ಮಗು, ಬಂಕಿನಲ್ಲಿ ಒಂಟಿಯಾದ ಹುಡುಗಿ, ಹುಡುಗ ಹುಡುಗಿಯರ ಜೋಡಿ ಕಟ್ಟುವ ಗದ್ದಲದಲ್ಲಿ ಮುಜುಗರಪಟ್ಟವರು ಅಲ್ಲಿಯೂ ಇದ್ದರು. ಇದಕ್ಕಿಂತ ಗಂಭೀರವಾದದ್ದೂ ಇದೆ. ರಿಫಾರ್ಮ್ ಪಂಥದ ಒಕ್ಕೂಟ ತಾನೇ ಏರ್ಪಡಿಸಿದ ಸ್ವತಂತ್ರ ತನಿಖೆಯ ವರದಿ 2022ರಲ್ಲಿ ಹೊರಬಂದಾಗ ಅದರಲ್ಲಿ ಶಿಬಿರಗಳಲ್ಲಿ ನಡೆದ ಲೈಂಗಿಕ ದುರ್ವರ್ತನೆಯ ದೂರುಗಳೂ ಇದ್ದವು. ಹರೆಯದವರ ಕೈಗೆ ಅಧಿಕಾರ ಕೊಟ್ಟು ಹಿರಿಯರು ಕಣ್ಣು ಮುಚ್ಚಿದರೆ ಏನಾಗಬಹುದೆಂಬುದಕ್ಕೆ ಇದು ಸಾಕ್ಷಿ. ಇನ್ನೊಂದು ಕಡೆ, 1970ರಲ್ಲಿ ರಾಮಾ ಶಿಬಿರವೊಂದು ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳಿಗಾಗಿ ತಿಕ್ವಾ ಎಂಬ ವಿಭಾಗ ತೆರೆಯಿತು. ಅಂಥ ಮಕ್ಕಳನ್ನು ಮನೆಯಲ್ಲೇ ಬಚ್ಚಿಡುತ್ತಿದ್ದ ಕಾಲದಲ್ಲಿ ಅದು ದಿಟ್ಟ ಕೆಲಸ.

ಶಿಬಿರದಿಂದ ಸಮುದಾಯಕ್ಕೆ ಏನು ಲಾಭ ಎಂದು ಲೆಕ್ಕ ಹಾಕಿದವರೂ ಇದ್ದಾರೆ. ಯಹೂದಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮದುವೆಗಳು ಹೊರಗಿನವರೊಂದಿಗೆ ನಡೆಯುತ್ತಿವೆ ಎಂದು 1990ರ ಸಮೀಕ್ಷೆ ಹೇಳಿದಾಗ ದೊಡ್ಡ ಗಾಬರಿಯಾಯಿತು. ಆ ಅಂಕಿಯನ್ನು ಆಮೇಲೆ ಅನೇಕರು ಪ್ರಶ್ನಿಸಿದರು, ಗಾಬರಿ ಮಾತ್ರ ಉಳಿಯಿತು. ಶಿಬಿರಗಳಿಗೆ ಬೆಂಬಲ ಕೊಡಲೆಂದೇ 1998ರಲ್ಲಿ ಫೌಂಡೇಶನ್ ಫಾರ್ ಜ್ಯೂಯಿಶ್ ಕ್ಯಾಂಪ್ ಸ್ಥಾಪನೆಯಾಯಿತು. ಅದು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಾಲ್ಯದಲ್ಲಿ ಶಿಬಿರಕ್ಕೆ ಹೋದ ವಯಸ್ಕರಲ್ಲಿ ಶುಕ್ರವಾರ ದೀಪ ಹಚ್ಚುವ ಸಾಧ್ಯತೆ ಹೋಗದವರಿಗಿಂತ ಶೇಕಡ 37, ತಿಂಗಳಿಗೊಮ್ಮೆಯಾದರೂ ಸಿನಗಾಗ್‌ಗೆ ಹೋಗುವ ಸಾಧ್ಯತೆ ಶೇಕಡ 45 ಹೆಚ್ಚು. ಮನೆಯ ಹಿನ್ನೆಲೆಯನ್ನು ಲೆಕ್ಕಕ್ಕೆ ಹಿಡಿದೇ ಈ ಅಂಕಿ ತೆಗೆದಿದ್ದಾರೆ. ಆದರೂ ಮಗುವನ್ನು ಇಂಥ ಶಿಬಿರಕ್ಕೇ ಕಳಿಸಬೇಕೆಂದು ಹಟ ಹಿಡಿಯುವ ಅಪ್ಪ ಅಮ್ಮನ ಮನಸ್ಸನ್ನು ಯಾವ ಲೆಕ್ಕವೂ ಪೂರ್ತಿ ಅಳೆಯಲಾರದು. ಖರ್ಚಿನ ಮಾತೂ ಇದೆ. ವಾರಕ್ಕೆ 1,000 ಡಾಲರ್ ಮೀರುವ ಶಿಬಿರಗಳೇ ಹೆಚ್ಚು. ಬಡವರ ಮಕ್ಕಳಿಗಾಗಿ ಹುಟ್ಟಿದ ಏರ್ಪಾಟು ಉಳ್ಳವರ ಕಡೆಗೆ ಸರಿದಿದೆ. ಮೊದಲ ಸಲ ಬರುವವರಿಗೆ 1,000 ಡಾಲರ್‌ವರೆಗೆ ಸಹಾಯ ಕೊಡುವ ಯೋಜನೆಯಿದ್ದರೂ ಎರಡು ಮೂರು ಮಕ್ಕಳಿರುವ ಶಿಕ್ಷಕರ ಮನೆಗೆ ಅದು ಸಾಲದು.

2020ರ ಬೇಸಿಗೆಯಲ್ಲಿ ಕೋವಿಡ್‌ನಿಂದಾಗಿ ರಿಫಾರ್ಮ್ ಪಂಥದ ಶಿಬಿರಗಳೆಲ್ಲ ಮುಚ್ಚಿದ್ದವು, ಉಳಿದವುಗಳಲ್ಲಿಯೂ ಹೆಚ್ಚಿನವು ತೆರೆಯಲಿಲ್ಲ. ಶಿಬಿರಗಳಿಗೆ ಹೆಚ್ಚು ಚಿಂತೆ ಹತ್ತಿಸಿದ್ದು ಹಣದ ನಷ್ಟಕ್ಕಿಂತ ಇನ್ನೊಂದು ಸಂಗತಿ: ಆ ವರ್ಷ ತರಬೇತಿ ಪಡೆಯಬೇಕಾಗಿದ್ದ ಹದಿನಾರು ಹದಿನೇಳರ ಮಕ್ಕಳ ಒಂದು ಸಾಲೇ ತಪ್ಪಿಹೋಯಿತು.

ಈ ಮಾದರಿ ಅಮೆರಿಕದಲ್ಲೇ ನಿಂತಿಲ್ಲ. ಕಮ್ಯುನಿಸ್ಟ್ ಆಡಳಿತ ಕುಸಿದ ಮೇಲೆ 1990ರಲ್ಲಿ ಹಂಗೆರಿಯ ಸರ್ವಾಷ್‌ನಲ್ಲಿ ತೆರೆದ ಶಿಬಿರಕ್ಕೆ ಹತ್ತಾರು ದೇಶಗಳ ಯಹೂದಿ ಮಕ್ಕಳು ಬರುತ್ತಾರೆ. ಭಾರತದಿಂದಲೂ ಹೋಗಿ ಬಂದವರಿದ್ದಾರೆ. ಅಮೆರಿಕದಲ್ಲಿ ನೆಲೆಸಿದ ಭಾರತೀಯರೂ ಈ ದಾರಿ ಹಿಡಿದಿದ್ದಾರೆ. ಮಸ್ಸಾದ್ ಇದ್ದ ಪೊಕೊನೊ ಸೀಮೆಯಲ್ಲೇ, ಸೇಲರ್ಸ್‌ಬರ್ಗ್‌ನಲ್ಲಿ, ಸ್ವಾಮಿ ದಯಾನಂದ ಸರಸ್ವತಿಯವರು 1986ರಲ್ಲಿ ಸ್ಥಾಪಿಸಿದ ಆರ್ಷ ವಿದ್ಯಾ ಗುರುಕುಲ ಬೇಸಿಗೆಯಲ್ಲಿ ಕುಟುಂಬಗಳಿಗಾಗಿ ಶಿಬಿರ ನಡೆಸುತ್ತದೆ.

ಅಮೆರಿಕದ ಕನ್ನಡ ಕೂಟಗಳು ವಾರಾಂತ್ಯದ ಕನ್ನಡ ಶಾಲೆಗಳನ್ನು ಶ್ರದ್ಧೆಯಿಂದ ನಡೆಸುತ್ತಿವೆ. ಎರಡು ವರ್ಷಕ್ಕೊಮ್ಮೆ ದೊಡ್ಡ ಸಮ್ಮೇಳನಗಳೂ ಆಗುತ್ತವೆ. ವಾರಕ್ಕೆ ಎರಡು ಗಂಟೆಯ ಪಾಠಕ್ಕೂ ನಾಲ್ಕು ವಾರದ ಸಹವಾಸಕ್ಕೂ ಇರುವ ಅಂತರವನ್ನು ಯಹೂದಿಯರು ಎಪ್ಪತ್ತು ವರ್ಷಗಳ ಹಿಂದೆಯೇ ಕಂಡುಕೊಂಡರು. ಅಷ್ಟು ದೊಡ್ಡ ಶಿಬಿರ ಕಟ್ಟಲು ಜಮೀನು, ಹಣ, ವಿಮೆ, ಸುರಕ್ಷತೆಯ ನಿಯಮ ಎಲ್ಲ ಬೇಕು, ಅದು ಇಂದು ನಾಳೆಗೆ ಆಗುವ ಮಾತಲ್ಲ. ಇದೇ ವರ್ಷ ಮಾಡಬಹುದಾದ ಕೆಲಸ ಒಂದಿದೆ. ಕನ್ನಡ ಶಾಲೆ ಮುಗಿಸಿದ ಹದಿನಾರು ಹದಿನೇಳರ ಮಕ್ಕಳನ್ನು ರಾಜ್ಯೋತ್ಸವದ ವೇದಿಕೆಯಲ್ಲಿ ಕುಣಿಸಿ ಮನೆಗೆ ಕಳಿಸಬೇಡಿ. ಪುಟ್ಟ ಮಕ್ಕಳ ಒಂದು ಗುಂಪನ್ನು ಪೂರ್ತಿಯಾಗಿ ಅವರಿಗೆ ಒಪ್ಪಿಸಿ, ಕೈಗೆ ಒಂದಿಷ್ಟು ಸಂಬಳ ಕೊಡಿ. ಹಬ್ಬ ಹೇಗೆ ಮಾಡಬೇಕೆಂಬುದನ್ನು ಅವರೇ ಜಗಳವಾಡಿ ನಿರ್ಧರಿಸಲಿ. ಹಿರಿಯರು ಮಕ್ಕಳ ಸುರಕ್ಷತೆಯ ಮೇಲೆ ಕಣ್ಣಿಟ್ಟಿರಲಿ, ಕಾರ್ಯಕ್ರಮಕ್ಕೆ ಕೈ ಹಾಕುವುದು ಬೇಡ.